ಒಂದು ವರ್ಷದ ಮಳಿ ತೋರ್ಸಿ ವಾದ ಗೆಲ್ಲಬ್ಯಾಡ್ರಿ

ನಿನ್ನೆ ಬಾಗಲಕೋಟ್ಯಾಗ ಒಂದು ಕಾಲೇಜಿನ ಚರ್ಚಾ ಸ್ಪರ್ಧೆ ಕೇಳಾಕ ಹೋಗಿದ್ದೆ, ಹವಾಮಾನ ಬದಲಾವಣೆ ಖರೇನೋ ಸುಳ್ಳೋ ಅಂತ ವಿಷಯ. ಫಸ್ಟ್ ಪ್ರೈಜ್ ಹೊಡೆದ ಹುಡುಗನ ವಾದ ಕೇಳಿ ಇನ್ನೂ ತಲಿ ಬಿಸಿ ಆರಿಲ್ಲ. 2019ರಾಗ ಮಹಾಪೂರ ಬಂತು, 2023ರಾಗ ಬರ ಬಿತ್ತು, ಎರಡೂ ಕೂಡಿಸಿ ಭಾಗಿಸಿದ್ರ ಸರಾಸರಿ ಸರಿ ಹೋತು, ಹಂಗಾರ ಬದಲಾಗಿದ್ದೇನ್ರಿ ಅಂದ. ಚಪ್ಪಾಳಿ ಬಿತ್ತು. ಹುಡುಗನ ಮ್ಯಾಲ ಸಿಟ್ಟಿಲ್ಲ, ಛಲೋ ಮಾತಾಡ್ತಾನ. ನನ್ನ ಸಿಟ್ಟು ನಿರ್ಣಾಯಕರ ಮ್ಯಾಲ, ಒಬ್ಬರಾದ್ರೂ ತಡದು ಕೇಳಬೇಕಿತ್ತು.

2019ರ ಆಗಸ್ಟ್‌ನಾಗ ನಮ್ಮ ಜಿಲ್ಲಾದ ಹಳ್ಳಿಗಳು ಮುಣಗಿದ್ದು ಇಲ್ಲಿ ಬಿದ್ದ ಮಳಿಯಿಂದ ಅಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹುಟ್ಟೂದು ಸಹ್ಯಾದ್ರಿಯಾಗ, ಮಹಾಬಳೇಶ್ವರ, ಕಣಕುಂಬಿ ಕಡೆ ಸುರಿದದ್ದು ನಮ್ಮ ಮನಿ ಬಾಗಿಲಿಗೆ ಬಂತು. ಹೊಳಿ ನೀರನ್ನ ನಮ್ಮ ಮಳಿ ಲೆಕ್ಕದಾಗ ಹಾಕಿದ್ರ ಹೆಂಗ? ಇನ್ನ ಸರಾಸರಿ ಮಾತು. 60 ಮಿಲಿಮೀಟರ್ ಮಳಿ ಅಂದ್ರ ಒಂದು ಎಕರೆಕ್ಕ ಸುಮಾರು 2.4 ಲಕ್ಷ ಲೀಟರ್ ನೀರು. ಅದು ಹತ್ತು ದಿನ ಜಿಟಿಜಿಟಿ ಬಂದ್ರ ಎರಿ ಭೂಮಿ ಕುಡಿತೈತಿ, ಹಿಂಗಾರಿ ಜೋಳಕ್ಕ ಹಸಿ ಉಳಿತೈತಿ. ಒಂದ ಸಂಜಿಗೆ ಬಂದ್ರ ಒಡ್ಡು ಒಡದು ಮ್ಯಾಗಿನ ಮಣ್ಣು ಹಳ್ಳ ಸೇರತೈತಿ, ತೊಗರಿ ಬುಡಕ್ಕ ನೀರು ನಿಂತು ಎಲಿ ಹಳದಿ ಆಗ್ತಾವು. ತಿಂಗಳ ಲೆಕ್ಕದಾಗ ಮಾತ್ರ ಎರಡೂ ಅದೇ 60. ಒಬ್ಬ ಹುಡುಗಿ ದಿನದ ಮಳಿ ಪಟ್ಟಿ ಹಿಡ್ಕೊಂಡು ಇದನ್ನೇ ಹೇಳಾಕ ಶುರು ಮಾಡಿದ್ಲು, ಅಷ್ಟರಾಗ ಗಂಟಿ ಬಾರ್ಸಿ ಕುಂಡ್ರಿಸಿದ್ರು. ನನಗ ಭಾಳ ಸಂಕಟಾತು.

ಸಮುದ್ರದ ಮಾತೂ ಬಂತು. ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಾಗ ಸಮುದ್ರ ಮಟ್ಟ ಇಳಿಯಾಕತ್ತೈತಿ, ಹಂಗಾರ ಏರಿಕಿ ಸುಳ್ಳು ಅಂತ ಅದೇ ಹುಡುಗ. ಅಲ್ಲಿ ಇಳಿಯೂದು ಖರೆ, ಆದ್ರ ಹಿಮಯುಗದ ಬರ್ಫಿನ ಭಾರ ಹೋದ ಮ್ಯಾಲ ಅಲ್ಲಿ ನೆಲಾನ ಏಳಾಕತ್ತೈತಿ, ಗಾದಿ ಮ್ಯಾಲ ಕುಂತಾಂವ ಎದ್ದ ಮ್ಯಾಲ ಗಾದಿ ಮೆಲ್ಲಕ ಉಬ್ಬತೈತಲ್ಲ ಹಂಗ. ಒಂದು ಬಂದರಿನ ಗೆರಿ ತೋರ್ಸಿ ಜಗತ್ತಿನ ಸಮುದ್ರ ಅಳಿಯಾಕ ಬರೂದಿಲ್ಲ. ಮುಂಬೈದಾಗ 1878ರಿಂದ ಅಳತಿ ಇಟ್ಟಾರ, 1993ರಿಂದ ಉಪಗ್ರಹದ ಅಳತಿ ಐತಿ. ಎಲ್ಲಾ ಕೂಡಿಸಿ ನೋಡಿದ್ರ 1901ರಿಂದ 2018ರ ತನಕ ಸಮುದ್ರ ಸುಮಾರು 20 ಸೆಂಟಿಮೀಟರ್ ಏರೈತಿ. 1971ರ ತನಕ ವರ್ಷಕ್ಕ 1.3 ಮಿಲಿಮೀಟರ್ ಏರ್ತಿತ್ತು, 2006ರಿಂದ 2018ರಾಗ 3.7. ಏರೂ ವೇಗಾನ ಹೆಚ್ಚಾಗೈತಿ ಅನ್ನೂದು ಯಾರಿಗೂ ಕಾಣಲಿಲ್ಲೇನು?

ಕೆಲವ್ರು ಕೇಳ್ತೀರಿ, ಬರ ಮೊದಲೂ ಇತ್ತಲ್ಲ, 1876ರ ದೊಡ್ಡ ಬರದಾಗ ಹೊಗಿ ಬಿಡೂ ಮೋಟಾರು ಎಲ್ಲಿದ್ವು ಅಂತ. ಇತ್ತು, ಯಾರು ಇಲ್ಲಂದ್ರು? ಬರ ಹೊಸಾದು ಅಂತ ವಾದಾನ ಅಲ್ಲ. ಒಂದು ಡಿಗ್ರಿ ಬಿಸಿ ಏರಿದ್ರ ಗಾಳಿ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿತೈತಿ, ಅದಕ್ಕ ಬಿಟ್ಟಾಗ ಒಮ್ಮಿಗೆ ಸುರೀತೈತಿ. ಮಧ್ಯ ಭಾರತದಾಗ 1950ರಿಂದ 2015ರೊಳಗ ದೊಡ್ಡ ಪ್ರದೇಶಕ್ಕ ಬೀಳೂ ಅತಿ ಜೋರು ಮಳಿ ಮೂರು ಪಟ್ಟಾಗೈತಿ, ಅದೇ ಹೊತ್ತಿನಾಗ ಮುಂಗಾರಿನ ಒಟ್ಟು ಮಳಿ ಕಡಿಮಿ ಆಗೈತಿ. ಇದು ಸರಾಸರಿ ಒಳಗ ಎಲ್ಲಿ ಕಾಣಬೇಕ್ರಿ?

ಕಾಲೇಜಿನ ಮಾಸ್ತರರಿಗೆ ಕೈ ಮುಗದು ಕೇಳ್ತೀನಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳಿ ಮಾಪಕ ಗ್ರಾಮ ಪಂಚಾಯ್ತಿ ಮಟ್ಟದಾಗ ಅದಾವು. ಮುಂದಿನ ಸಲ ಸ್ಪರ್ಧೆ ಇಟ್ರ ಮಕ್ಕಳಿಗೆ ಮೊದ್ಲ ಆ ದಿನದಿನದ ಲೆಕ್ಕ ಕೈಯಾಗ ಕೊಡ್ರಿ, ಆಮ್ಯಾಲ ಗಂಟಿ ಬಾರ್ಸ್ರಿ.