ಹಳೇ ಸ್ಪೋರ್ಟ್ಸ್ ಕಾರಿನ ಇಂಜಿನ್ ಹೋಯ್ತು: ಮತ್ತೆ ಕಟ್ಟಿಸ್ಬೇಕಾ, ಇದ್ದ ಹಾಗೇ ಮಾರ್ಬೇಕಾ?

ಪರ: ಬಿಚ್ಚಿಸಿ, ಅದೇ ಇಂಜಿನ್ನನ್ನ ಮತ್ತೆ ಕಟ್ಟಿಸಿ

ಇಂಜಿನ್ ಹೋಯ್ತು ಅಂದ ತಕ್ಷಣ ಸುತ್ತ ಇರೋರೆಲ್ಲ ಹೇಳೋದು ಒಂದೇ, ಇನ್ನು ಇದಕ್ಕೆ ದುಡ್ಡು ಸುರೀಬೇಡ, ಬಂದಷ್ಟಕ್ಕೆ ಮಾರಿ ಕೈ ತೊಳ್ಕೋ. ಹೀಗೆ ಹೇಳೋರಿಗೆ ಒಳಗೆ ಏನು ಹೋಗಿದೆ ಅಂತ ಗೊತ್ತಿರಲ್ಲ, ಓನರ್‌ಗೂ ಗೊತ್ತಿರಲ್ಲ, ಎಷ್ಟೋ ಸಲ ಎಳ್ಕೊಂಡು ಹೋದ ಗ್ಯಾರೇಜಿನವ್ರಿಗೂ ಗೊತ್ತಿರಲ್ಲ. ಇಂಜಿನ್ನಿನ ಮೈಗೂ (ಬ್ಲಾಕ್) ಮೇಲಿನ ಮುಚ್ಚಳಕ್ಕೂ (ಹೆಡ್) ಮಧ್ಯೆ ಇರೋ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್ ಸುಟ್ರೂ ಇಂಜಿನ್ ಹೋಯ್ತು ಅಂತಾರೆ, ಟೈಮಿಂಗ್ ಬೆಲ್ಟ್ ಕಟ್ಟಾಗಿ ವಾಲ್ವ್ ಬಾಗಿದ್ರೂ ಅದೇ ಮಾತು, ಪಿಸ್ಟನ್ನಿಗೂ ಕೆಳಗೆ ತಿರುಗೋ ಕ್ರ್ಯಾಂಕಿಗೂ ಕೊಂಡಿಯಾಗಿರೋ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾದ್ರೂ ಅದೇ ಮಾತು. ಮೊದಲನೇದು ಎಷ್ಟೋ ಕಾರಲ್ಲಿ ಇಂಜಿನ್ ಇಳಿಸ್ದೇನೇ ಸರಿಹೋಗುತ್ತೆ, ಕೊನೇದಕ್ಕೆ ಬಹುತೇಕ ಬೇರೆ ಬ್ಲಾಕೇ ಬೇಕು.

ಅದಕ್ಕೇ ಮೊದ್ಲು ಲೀಕ್‌ಡೌನ್ ಟೆಸ್ಟ್ ಮಾಡ್ಸಿ. ಪಿಸ್ಟನ್ ಮೇಲೆ ತಂದು, ವಾಲ್ವ್ ಎಲ್ಲಾ ಮುಚ್ಚಿರೋ ಹಾಗೆ ನಿಲ್ಸಿ, ಸ್ಪಾರ್ಕ್ ಪ್ಲಗ್ ತೂತಿಂದ ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿ ಸೋರುತ್ತೆ ಅಂತ ಕಿವಿಗೊಟ್ಟು ಕೇಳ್ಬೇಕು, ಏರ್ ಫಿಲ್ಟರ್ ಕಡೆ ಸುಯ್ ಅಂದ್ರೆ ಇನ್‌ಟೇಕ್ ವಾಲ್ವು, ಸೈಲೆನ್ಸರ್ ಕಡೆ ಬಂದ್ರೆ ಎಕ್ಸಾಸ್ಟ್ ವಾಲ್ವು, ಆಯಿಲ್ ಹಾಕೋ ಬಾಯಲ್ಲಿ ಜೋರಾಗಿ ಬಂದ್ರೆ ಪಿಸ್ಟನ್ ಸುತ್ತ ಇರೋ ರಿಂಗು, ರೇಡಿಯೇಟರಲ್ಲಿ ಗುಳ್ಳೆ ಎದ್ರೆ ಗ್ಯಾಸ್ಕೆಟ್ಟು ಇಲ್ಲಾ ಹೆಡ್ಡಲ್ಲಿ ಬಿರುಕು. ಇಷ್ಟೂ ನೋಡ್ದೇ ಕಾರು ಮಾರೋದು ಅಂದ್ರೆ ಗಂಟು ಬಿಚ್ಚಿ ನೋಡ್ದೇ ಬೇರೆಯವ್ರ ಕೈಗೆ ಕೊಟ್ಟ ಹಾಗೆ.

ನನ್ನ ಚಿಕ್ಕಪ್ಪನ ಹತ್ರ ಒಂದು ಹಳೇ ಎರಡು ಸೀಟಿನ ಕಾರಿದೆ. ಒಂದಿನ ಏರು ರಸ್ತೇಲಿ ಇಂಜಿನ್ ಕೆಳಗಡೆಯಿಂದ ಟಕಟಕ ಅಂತ ಸದ್ದು ಶುರುವಾಯ್ತು, ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದೂ ಜಾಸ್ತಿ, ಚಿಕ್ಕಪ್ಪ ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದ್ರು, ಆಮೇಲೆ ಒಂದ್ಸಲಾನೂ ಕೀ ತಿರುಗಿಸ್ಲಿಲ್ಲ, ಟೋ ಮಾಡಿಸ್ಕೊಂಡೇ ತಂದ್ರು, ಕ್ರ್ಯಾಂಕ್ ಉಳ್ಕೊಂಡಿದ್ದೇ ಅದರಿಂದ. ಮೊದ್ಲು ನೋಡಿದ ಗ್ಯಾರೇಜಿನವ್ರು ಬಾನೆಟ್ ಎತ್ತಿ ನಿಂತಲ್ಲೇ "ಇದು ಮುಗೀತು ಸಾರ್, ಸೆಕೆಂಡ್ ಹ್ಯಾಂಡ್ ಇಂಜಿನ್ ಹಾಕ್ಸಿ, ಇಲ್ಲಾ ಗುಜರಿಗೆ ಕೊಡಿ" ಅಂದ್ಬಿಟ್ರು. ಚಿಕ್ಕಪ್ಪ ಒಪ್ಪಲಿಲ್ಲ. ಇನ್ನೊಬ್ರು ವಯಸ್ಸಾದ ಮೆಕ್ಯಾನಿಕ್ ಹತ್ರ ಹೋದ್ವಿ, ಅವ್ರು ಏನೂ ಮಾತಾಡ್ದೇ ಮೊದ್ಲು ಆಯಿಲ್ ಫಿಲ್ಟರ್ ಬಿಚ್ಚಿ ಅದರ ಡಬ್ಬಿ ಕತ್ತರ್ಸಿದ್ರು. ಒಳಗಿರೋ ಮಡಿಕೆ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದ್ರೆ ಸಂದಿಸಂದಿಯಲ್ಲೂ ಸಣ್ಣ ಮಿಂಚು. ಆಯಸ್ಕಾಂತ ಇಟ್ಟು ನೋಡಿದ್ರು, ಅಂಟಲಿಲ್ಲ. ಬಿಳೀ ಬಟ್ಟೆ ಮೇಲೆ ಉಜ್ಜಿದ್ರು, ತಾಮ್ರದ ಬಣ್ಣ. "ಕಬ್ಬಿಣ ಅಲ್ಲ, ರಾಡ್ ಬೇರಿಂಗು, ಮೇಲಿನ ಮೆತ್ತನೇ ಪದರ ಸವೆದು ಕೆಳಗಿನ ತಾಮ್ರ ಬರ್ತಿದೆ, ಬಿಚ್ಚೋಣ" ಅಂದ್ರು.

ಬಿಚ್ಚಿದ್ರೆ ಅವ್ರು ಹೇಳಿದ್ದೇ ಆಗಿತ್ತು. ಕ್ರ್ಯಾಂಕಲ್ಲಿ ಬೇರಿಂಗ್ ಕೂರೋ ಒಂದು ಜಾಗಕ್ಕೆ (ಜರ್ನಲ್) ಮಾತ್ರ ಗೀರು ಬಿದ್ದಿತ್ತು, ಕ್ರ್ಯಾಂಕ್ ಗ್ರೈಂಡ್ ಮಾಡ್ಸಿ, ಸಣ್ಣಗಾದ ಆ ಅಳತೆಗೆ ಹೊಂದೋ ಅಂಡರ್‌ಸೈಜ್ ಬೇರಿಂಗ್ ಹಾಕಿದ್ರು, ರಾಡ್ ಬೋಲ್ಟ್ ಎಲ್ಲಾ ಹೊಸದು, ಆಯಿಲ್ ಪಂಪ್ ಹೊಸದು, ಆಯಿಲ್ ಕೂಲರ್ ಮಾತ್ರ ತೊಳೆಯಕ್ಕೂ ಹೋಗ್ದೇ ಎಸೆದ್ರು. ಯಾಕೆ ಅಂತ ಕೇಳಿದ್ದಕ್ಕೆ, ಅದರ ಸಣ್ಣ ಸಣ್ಣ ಕೊಳವೇಲಿ ಕೂತಿರೋ ಲೋಹದ ಪುಡಿ ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ, ಹೊಸ ಬೇರಿಂಗನ್ನ ಅದೇ ತಿಂದು ಹಾಕುತ್ತೆ ಅಂದ್ರು. ಬೇರೆ ಇಂಜಿನ್ ತಂದು ಹಳೇ ಕೂಲರ್‌ಗೇ ಜೋಡಿಸಿ ಅದನ್ನೂ ಕಳ್ಕೊಳ್ಳೋರು ಇದಾರೆ. ಚಿಕ್ಕಪ್ಪ ದಿನಾ ಸಾಯಂಕಾಲ ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂರೋರು. ಸ್ಟಾರ್ಟ್ ಮಾಡೋ ದಿನ ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತಿಟ್ಟು, ಬರೀ ಸ್ಟಾರ್ಟರ್ ಮೋಟರಲ್ಲೇ ಬಿಟ್ಟು ಬಿಟ್ಟು ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಮೇಲೆದ್ದ ಮೇಲೇನೇ ಫ್ಯೂಸ್ ವಾಪಸ್ ಹಾಕಿದ್ರು. ಆ ಮುಳ್ಳು ಅಲುಗಿದಾಗ ಯಾರೂ ಉಸಿರೂ ಬಿಟ್ಟಿರ್ಲಿಲ್ಲ. ಈಗ್ಲೂ ಆ ಕಾರು ಓಡ್ತಿದೆ, ಈ ಸಲ ಅದರೊಳಗೆ ಏನೇನಿದೆ ಅಂತ ಚಿಕ್ಕಪ್ಪನಿಗೆ ಒಂದೊಂದೂ ಗೊತ್ತು.

ಹಳೇ ಸ್ಪೋರ್ಟ್ಸ್ ಕಾರಿನ ದೊಡ್ಡ ಅನುಕೂಲ ಇಲ್ಲೇ ಇರೋದು, ಯಾವ ಇಂಜಿನ್ನಲ್ಲಿ ಏನು ಹೋಗುತ್ತೆ ಅಂತ ಇಷ್ಟು ವರ್ಷದಲ್ಲಿ ಜಗತ್ತಿಗೇ ಗೊತ್ತಾಗಿದೆ. ಪೋರ್ಷೆ 1996ರಲ್ಲಿ ಬಾಕ್ಸ್‌ಸ್ಟರ್ ಜೊತೆ ತಂದ ಎಂ96 ಇಂಜಿನ್ನಲ್ಲಿ ವಾಲ್ವ್ ನಡೆಸೋ ಚೈನನ್ನ ತಿರುಗಿಸೋ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್ ಹೋಗುತ್ತೆ, ಅದರ ಸೀಲ್ ಸೋತು ಗ್ರೀಸ್ ತೊಳೆದುಹೋಗಿ ಬಾಲ್ ಸವೆದು ಶಾಫ್ಟ್ ಅಲ್ಲಾಡಿ ಟೈಮಿಂಗ್ ಚೈನ್ ಜಾರಿ ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತೆ. ಟೊಯೋಟಾ ಮೂರನೇ ತಲೆಮಾರಿನ ಎಂಆರ್2ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗಿನ, ಹೊಗೆ ಶುದ್ಧ ಮಾಡೋ ಪ್ರಿ-ಕ್ಯಾಟ್ ಪುಡಿಯಾಗಿ ಆ ಪಿಂಗಾಣಿ ಚೂರನ್ನ ಇಂಜಿನ್ನೇ ಒಳಗೆ ಎಳ್ಕೊಳ್ಳುತ್ತೆ. ಬಿಎಂಡಬ್ಲ್ಯು ಇ46 ಎಂ3ನಲ್ಲಿ ರಾಡ್ ಬೇರಿಂಗು. ಈಗ ನೀವು ಕಟ್ಟಿಸೋ ಇಂಜಿನ್ನಲ್ಲಿ ಆ ತಪ್ಪೆಲ್ಲ ತಿದ್ದಿ ಕಟ್ಟಿಸ್ಬಹುದು, ಫ್ಯಾಕ್ಟರಿಯಿಂದ ಬಂದಾಗ ಇದ್ದದ್ದಕ್ಕಿಂತ ಗಟ್ಟಿ. ಸೆಕೆಂಡ್ ಹ್ಯಾಂಡ್ ಇಂಜಿನ್ ಹಾಕ್ಸಿದ್ರೆ ಅದೇ ವಯಸ್ಸು, ಅದೇ ಬೇರಿಂಗು, ಅದೇ ಭಯ.

ದುಡ್ಡು ವಾಪಸ್ ಬರಲ್ಲ ಅಂತ ಲೆಕ್ಕದ ಪುಸ್ತಕ ತೆಗೆಯೋರಿಗೆ ನಾನು ಕೇಳೋದು ಇಷ್ಟೇ, ಹೊಸ ಕಾರು ಶೋರೂಮಿಂದ ಆಚೆ ಬಂದ ಗಳಿಗೇಲೇ ಬೆಲೆ ಬೀಳುತ್ತಲ್ಲ, ಆ ದುಡ್ಡು ಯಾರಿಗೆ ವಾಪಸ್ ಬಂದಿದೆ? ಹೋಂಡಾ ಎಸ್2000 1999ರಲ್ಲಿ ಬಂದಾಗ ಎರಡು ಲೀಟರ್ ಇಂಜಿನ್ನು ಟರ್ಬೋ ಇಲ್ದೇ 9,000 ಆರ್‌ಪಿಎಂವರೆಗೆ ಹೋಗ್ತಿತ್ತು, ಅಂಥದ್ದನ್ನ ಇವತ್ತು ಯಾವ ಶೋರೂಮಲ್ಲಿ ಹೋಗಿ ಕೇಳ್ತೀರಾ? ಬಿಡಿಭಾಗ ಸಿಗಲ್ಲ ಅನ್ನೋ ಮಾತೂ ಬೇಡ, ನಿಸಾನ್ 2017ರಲ್ಲಿ ಆರ್32 ಜಿಟಿ-ಆರ್‌ಗೆ ಅಂತಾನೇ ಹಳೇ ಪಾರ್ಟ್ಸ್ ಮತ್ತೆ ಮಾಡಕ್ಕೆ ಶುರು ಮಾಡ್ತು, ಟೊಯೋಟಾ 2020ರಿಂದ ಹಳೇ ಸುಪ್ರಾಗೆ ಮಾಡ್ತಿದೆ. ಕಂಪನಿಗಳೇ ಬಿಟ್ಟಿಲ್ಲ, ನಾವ್ಯಾಕೆ ಬಿಡ್ಬೇಕು.

ವಿರೋಧ: ಬಿಚ್ಚದೇ, ಇದ್ದ ಹಾಗೇ ಮಾರಿ

ನನಗೆ ಈ ಕಡೆ ಬರೀರಿ ಅಂದ್ರು, ಒಪ್ಕೊಂಡೆ. ಎಲ್ಲಾ ಕಾರಿಗೂ ಇದೇ ಮಾತಾ ಅಂದ್ರೆ ಅಲ್ಲ, ಆದ್ರೆ ತುಂಬಾ ಕಾರಿಗೆ ಹೌದು.

ಇಂಜಿನ್ ಹೋದಾಗ ಕಾರಲ್ಲಿ ವಯಸ್ಸಾಗಿರೋದು ಇಂಜಿನ್ ಒಂದೇ ಅಲ್ಲ. ಸಸ್ಪೆನ್ಷನ್ ಬುಶ್, ರಬ್ಬರ್ ಹೋಸ್, ವೈರಿಂಗ್, ಗೇರ್‌ಬಾಕ್ಸಿನ ಸಿಂಕ್ರೊ, ಸಾಫ್ಟ್ ಟಾಪ್, ಎಲ್ಲಕ್ಕೂ ಅಷ್ಟೇ ವಯಸ್ಸು. ಇಂಜಿನ್ ಇಳಿಸಿದ ಮೇಲೆ "ಹೇಗೂ ಇಳಿಸಿದೀವಲ್ಲ" ಅನ್ನೋ ಮಾತು ಶುರುವಾಗುತ್ತೆ, ಹೇಗೂ ಇಳಿಸಿದೀವಲ್ಲ ಕ್ಲಚ್ ಹಾಕ್ಸೋಣ, ಫ್ಲೈವೀಲ್ ನೋಡೋಣ, ವಾಟರ್ ಪಂಪು, ಮೌಂಟು, ರಿಯರ್ ಮೇನ್ ಸೀಲು. ಒಂದೊಂದೂ ನ್ಯಾಯವಾದ ಖರ್ಚೇ, ತಪ್ಪಿಲ್ಲ. ಆದ್ರೆ ಮೊದಲು ಒಪ್ಕೊಂಡ ಮೊತ್ತಕ್ಕೂ ಕೊನೇ ಬಿಲ್ಲಿಗೂ ಸಂಬಂಧಾನೇ ಇರಲ್ಲ, ಆ ಕಾರನ್ನ ಆಮೇಲೆ ಮಾರಿದ್ರೂ ಅಷ್ಟು ಬರೋದು ಅಪರೂಪ.

ಮತ್ತೆ ಕಟ್ಟಿಸಿ ಅಂತ ಹೇಳೋರು ಎಲ್ಲಾ ಇಂಜಿನ್ನನ್ನೂ ಹಳೇ ಕಬ್ಬಿಣದ ಬ್ಲಾಕ್ ಥರಾನೇ ಮಾತಾಡ್ತಾರೆ, ಬೋರ್ ಮಾಡ್ಸಿ ದೊಡ್ಡ ಪಿಸ್ಟನ್ ಹಾಕಿದ್ರೆ ಆಯ್ತು ಅಂತ. ಎಂ96ನ ಸಿಲಿಂಡರ್ ಗೋಡೆ ಸಿಲಿಕಾನ್ ಬೆರೆತ ಅಲ್ಯೂಮಿನಿಯಂದು, ಅದಕ್ಕೆ ಗೀರು ಬಿದ್ರೆ ಮಾಮೂಲಿ ಲೇತ್ ಅಂಗಡಿ ಕೆಲಸ ಅಲ್ಲ, ಒಳಗೆ ಹೊಸ ಕೊಳವೆ, ಅಂದ್ರೆ ಸ್ಲೀವ್, ಹಾಕೋರು ಬೇಕು, ಅವರು ಬೇರೇನೇ. ಎಸ್2000 ಸಿಲಿಂಡರಲ್ಲಿ ನಾರು ಸೇರಿಸಿದ ಲೋಹದ ಗೋಡೆ, ಅದಕ್ಕೆ ಹೊಂದೋ ಪಿಸ್ಟನ್ನೇ ಬೇಕು. ಮಾಜ್ಡಾ ಆರ್‌ಎಕ್ಸ್-8ರ ರೋಟರಿ ಇಂಜಿನ್ನಲ್ಲಿ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತೆ, ಆ ಮೂಲೆಗಳಲ್ಲಿರೋ ಏಪೆಕ್ಸ್ ಸೀಲ್ ಸವೆದ್ರೆ ಬಿಸಿ ಇರೋವಾಗ ಸ್ಟಾರ್ಟೇ ಆಗಲ್ಲ, ರೋಟರ್ ಸುತ್ತ ಇರೋ ಹೌಸಿಂಗಿನ ಕ್ರೋಮ್ ಪದರ ಎದ್ದಿದ್ರೆ ಬರೀ ಸೀಲ್ ಹಾಕಿ ಪ್ರಯೋಜನ ಇಲ್ಲ, ಹೌಸಿಂಗೇ ಬೇಕು. ಕಂಪ್ರೆಷನ್ ನೋಡಕ್ಕೂ ಪ್ರತಿ ರೋಟರಿಗೆ ಮೂರು ರೀಡಿಂಗ್ ಕೊಡೋ ಬೇರೆ ಮೀಟರೇ ಬೇಕು. ಈ ಕೆಲಸ ಸರಿಯಾಗಿ ಬಲ್ಲೋರು ಕಡಿಮೆ, ಅವರ ಹತ್ರ ಕಾಯೋರು ಜಾಸ್ತಿ.

ಅಷ್ಟರಲ್ಲಿ ಕಾರು ನಿಂತಿರುತ್ತೆ. ನಿಂತ ಕಾರಿನ ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತೆ, ಪೆಟ್ರೋಲ್ ಹಳಸುತ್ತೆ, ಟೈರಲ್ಲಿ ಚಪ್ಪಟೆ ಬೀಳುತ್ತೆ, ಇಲಿ ವೈರ್ ಕಡಿಯುತ್ತೆ. ಬಿಚ್ಚಿಟ್ಟ ಬೋಲ್ಟ್ ಯಾವುದು ಎಲ್ಲಿಗೆ ಅಂತ ಬಿಚ್ಚಿದವನಿಗೇ ಮರೆತುಹೋಗುತ್ತೆ. ಅರ್ಧ ಬಿಚ್ಚಿ ದುಡ್ಡು ಮುಗಿದು ಟಾರ್ಪಾಲ್ ಹೊದ್ದು ಬಿದ್ದಿರೋ ಕಾರುಗಳನ್ನ ಯಾರು ಬೇಕಾದ್ರೂ ನೋಡಿರ್ತಾರೆ. ಕಾರನ್ನ ಮನೆ ಮಗನ ಥರ ನೋಡೋರಿಗೆ ಇದೆಲ್ಲ ಕಣ್ಣಿಗೇ ಬೀಳಲ್ಲ.

ಮಾರೋದು ಅಂದ್ರೆ ಕೊಲ್ಲೋದು ಅಂತ ತಿಳ್ಕೋಬೇಡಿ. ತಾವೇ ಕೈಯಾರೆ ಇಂಜಿನ್ ಕಟ್ಟೋರು ಇಂಥ ಕಾರನ್ನೇ ಹುಡುಕ್ತಿರ್ತಾರೆ, ಕೂಲಿ ಉಳಿಯೋದ್ರಿಂದ ಅವ್ರಿಗೆ ಲೆಕ್ಕ ಕೂಡುತ್ತೆ, ನಿಮಗೆ ಕೂಡಲ್ಲ. ಎಂಆರ್2ಗೆ ಟೊಯೋಟಾ ಸೆಲಿಕಾದ 2ಜೆಡ್‌ಜೆಡ್ ಇಂಜಿನ್ ಕೂರಿಸೋರಿದಾರೆ, ಮೊದಲ ಲೋಟಸ್ ಎಲೀಸ್‌ನ ರೋವರ್ ಇಂಜಿನ್ ತೆಗೆದು ಹೋಂಡಾದ್ದು ಹಾಕೋರಿದಾರೆ. ಅದೂ ಬೇಡ ಅಂದ್ರೆ ಬಿಡಿಭಾಗವಾಗಿ ಹೋಗ್ಲಿ, ಒಂದು ಕಾರಿನ ಗೇರ್‌ಬಾಕ್ಸ್, ಬಾಗಿಲು, ಗಾಜು, ಸೀಟಿಂದ ಇನ್ನೂ ಎಷ್ಟೋ ಕಾರು ರಸ್ತೇಲಿ ಉಳಿಯುತ್ತೆ.

ಮೊದಲ ತಲೆಮಾರಿನ ಮಾಜ್ಡಾ ಎಂಎಕ್ಸ್-5 ಆಗಿದ್ರೆ ನಾನು ಈ ಕಡೆ ಬರೀತಾನೇ ಇರ್ಲಿಲ್ಲ, ಅದರ ಇಂಜಿನ್ ಸರಳ, ಕಬ್ಬಿಣದ ಬ್ಲಾಕು, ಯಾವ ಒಳ್ಳೇ ಮೆಕ್ಯಾನಿಕ್ ಬೇಕಾದ್ರೂ ಕಟ್ತಾರೆ, ಕಟ್ಟಿಸಿ. ಮಿಕ್ಕ ಕಾರಿಗೆ ನನ್ನ ಸಲಹೆ, ಲೀಕ್‌ಡೌನ್ ಟೆಸ್ಟ್ ಮಾಡ್ಸಿ ರೀಡಿಂಗ್ ಬರೆಸ್ಕೊಳ್ಳಿ, ಅದಕ್ಕಿಂತ ಜಾಸ್ತಿ ಬಿಚ್ಚಬೇಡಿ, ಡಬ್ಬದಲ್ಲಿ ತುಂಬಿದ ಇಂಜಿನ್ ನೋಡಿದ್ರೆ ಯಾರೂ ಒಳ್ಳೇ ಬೆಲೆ ಕೊಡಲ್ಲ. ಟೈರಿಗೆ ಗಾಳಿ ತುಂಬಿ, ತಳ್ಳಿದ್ರೆ ಉರುಳೋ ಹಾಗಿಟ್ಟು, ಎರಡೂ ಕೀ, ಸರ್ವೀಸ್ ಬುಕ್ಕು, ಆ ರೀಡಿಂಗ್ ಚೀಟಿ ಜೊತೆಗೆ ಕೊಡಿ, ಏನು ಹೋಗಿದೆ ಅಂತ ನಿಮಗೆ ಗೊತ್ತಿರೋದನ್ನ ಮುಚ್ಚಿಡ್ದೇ ಮೊದಲೇ ಹೇಳಿ.