ಪ್ರಸಿದ್ಧ ಬೀದಿಯಲ್ಲಿ ಅರ್ಧ ಕೆಜಿ ಈರುಳ್ಳಿ ಸಿಗುತ್ತದಾ?

ಮೊಬೈಲ್ ತೆರೆದರೆ ಸಾಕು, "ಸಾಯುವ ಮೊದಲು ಒಮ್ಮೆ ನಡೆಯಲೇಬೇಕಾದ ಬೀದಿಗಳು" ಅಂತ ಒಂದು ರೀಲ್ ಬರುತ್ತದೆ. ಪ್ಯಾರಿಸ್‌ನ ಶಾಂಜ್ ಎಲೀಜೆ, ಬಾರ್ಸಿಲೋನಾದ ಲಾ ರಾಂಬ್ಲಾ, ಸ್ಯಾನ್ ಫ್ರಾನ್ಸಿಸ್ಕೋದ ಲೊಂಬಾರ್ಡ್ ಸ್ಟ್ರೀಟ್, ಕ್ಯೋಟೋದ ಗಿಯೋನ್. ಹಿಂದೆ ಅದೇ ಪಿಯಾನೋ. ಮುಂದೆ ಟೋಪಿ ಹಾಕಿಕೊಂಡು, ನಮಗೆ ಬೆನ್ನು ತೋರಿಸಿ ನಡೆಯುವ ಅದೇ ಹುಡುಗಿ. ನೋಡೋಕೆ ಚೆನ್ನಾಗೇ ಇರುತ್ತದೆ. ಆದರೆ ಆ ಬೀದಿಯಲ್ಲಿ ಮನೆ ಇರುವವರು ಮಾತ್ರ ಎಲ್ಲೂ ಕಾಣುವುದಿಲ್ಲ. ಹಾಲು ತರೋಕೆ ಹೊರಟವರಿಲ್ಲ, ಮಗುವನ್ನು ಸ್ಕೂಲಿಗೆ ಎಳೆದುಕೊಂಡು ಓಡುವವರಿಲ್ಲ.

ಹಾಗಾಗಿ ಯಾವ ಹೆಸರುವಾಸಿ ಬೀದಿಯ ಸುದ್ದಿ ಬಂದರೂ ನಾನು ಕೇಳುವುದು ಒಂದೇ. ಅಲ್ಲಿ ಅರ್ಧ ಕೆಜಿ ಈರುಳ್ಳಿ ಸಿಗುತ್ತದಾ? ನಗಬೇಡಿ. ಪ್ರವಾಸಿಗರಿಗೆ ಈರುಳ್ಳಿ ಬೇಕಿಲ್ಲ. ಹೋಟೆಲ್ ರೂಮಿನಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ. ಈರುಳ್ಳಿ ಅಂಗಡಿ ನಡೆಯುತ್ತಿದೆ ಅಂದರೆ ಹತ್ತಿರದಲ್ಲೇ ಅಡುಗೆ ಆಗುತ್ತಿದೆ, ಸಂಸಾರಗಳಿವೆ. ಬರೀ ಫ್ರಿಜ್ಜಿಗೆ ಅಂಟಿಸುವ ಬೊಂಬೆ, ಐಸ್‌ಕ್ರೀಮ್, ದುಬಾರಿ ಕಾಫಿ ಮಾತ್ರ ಇದ್ದರೆ ಆ ಬೀದಿ ಊರಿನ ಕೈತಪ್ಪಿ ಹೋಗಿದೆ ಅಂತಲೇ ನನ್ನ ಲೆಕ್ಕ.

ಲಾ ರಾಂಬ್ಲಾವನ್ನೇ ನೋಡಿ. ಉದ್ದ ಸುಮಾರು 1.2 ಕಿಲೋಮೀಟರ್. ಒಂದು ತುದಿಗೆ ಪ್ಲಾಸಾ ಕತಲೂನ್ಯ, ಇನ್ನೊಂದು ತುದಿಗೆ ಬಂದರಿನ ಪಕ್ಕ ಕೊಲಂಬಸ್ ಕಂಬ. ಒಂದಾನೊಂದು ಕಾಲದಲ್ಲಿ ಅದು ಮಳೆನೀರು ಹರಿಯುತ್ತಿದ್ದ ಹಳ್ಳ. ಈಗ ಎರಡು ಸಾಲು ದೊಡ್ಡ ಮರ, ನಡುವೆ ಅಗಲವಾದ ಜಾಗ. ಆ ನಡುವಿನ ಜಾಗ ಪೂರ್ತಿ ನಡೆಯುವವರಿಗೆ. ಕಾರು, ಬಸ್ಸು ಅಂಚಿನಲ್ಲಿ ಹೋಗಬೇಕು. ನಮ್ಮಲ್ಲಿ ಉಲ್ಟಾ ಅಲ್ವಾ? ನಡು ಪೂರ್ತಿ ಗಾಡಿಗಳಿಗೆ, ಅಂಚಿನಲ್ಲಿ ಜನ, ಆ ಅಂಚಿನಲ್ಲೂ ಟ್ರಾನ್ಸ್‌ಫಾರ್ಮರ್, ಸಾಲದ್ದಕ್ಕೆ ಫುಟ್‌ಪಾತ್ ಮೇಲೆ ಬರುವ ಸ್ಕೂಟರ್. ಲಾ ರಾಂಬ್ಲಾದಲ್ಲಿ ನಡೆಯುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಅದೇ ಬೀದಿಗೆ ಅಂಟಿಕೊಂಡಂತೆ ಬೊಕೆರಿಯಾ ಅನ್ನುವ ಹಳೆಯ ಮಾರ್ಕೆಟ್ ಇದೆ. ಸುತ್ತಲಿನ ಮನೆಗಳಿಗೆ ತರಕಾರಿ, ಮೀನು, ಮಾಂಸ ಕೊಡುತ್ತಿದ್ದ ಜಾಗ. ನಾನು ಹೋದಾಗ ಬಾಗಿಲ ಹತ್ತಿರದ ಮಳಿಗೆಗಳಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಹೆಚ್ಚಿಟ್ಟ ಹಣ್ಣು, ಬಣ್ಣಬಣ್ಣದ ಜ್ಯೂಸ್, ಕಾಗದದ ಪೊಟ್ಟಣದಲ್ಲಿ ಹಂದಿಮಾಂಸದ ಚೂರು. ಎಲ್ಲವೂ ನಿಂತಲ್ಲೇ ತಿನ್ನುವಂಥವು. ಮನೆಗೆ ಒಯ್ದು ಬೇಯಿಸುವಂಥದ್ದನ್ನು ನೋಡಬೇಕಾದರೆ ಒಳಗೆ ನುಗ್ಗಬೇಕು. ಅಲ್ಲಿ ಮೀನಿನವರು ಇದ್ದರು. ಆದರೆ ಅವರ ಮುಂದೆ ನಿಂತಿದ್ದವರಲ್ಲಿ ಕೊಳ್ಳುವವರಿಗಿಂತ ಫೋಟೋ ತೆಗೆಯುವವರೇ ಜಾಸ್ತಿ. ಚೀಲ ಹಿಡಿದು ಬಂದ ಒಬ್ಬ ವಯಸ್ಸಾದ ಹೆಂಗಸು ದಾರಿ ಬಿಡಿಸಿಕೊಳ್ಳೋಕೆ ಪಡುತ್ತಿದ್ದ ಪಾಡು ನೋಡಿ, ನನ್ನ ಫೋನನ್ನೂ ಜೇಬಿಗೆ ಹಾಕಿಕೊಂಡೆ. 2015ರಲ್ಲೇ ಅಲ್ಲಿನ ಆಡಳಿತ ಶುಕ್ರವಾರ, ಶನಿವಾರದ ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ದೊಡ್ಡ ಪ್ರವಾಸಿ ಗುಂಪುಗಳು ಒಳಗೆ ಬರಬಾರದು ಅಂತ ನಿಯಮ ಮಾಡಿತ್ತು. ಅಂದರೆ ತೊಂದರೆ ನಿನ್ನೆ ಮೊನ್ನೆಯದಲ್ಲ.

2024ರ ಜುಲೈನಲ್ಲಿ ಬಾರ್ಸಿಲೋನಾದ ಜನ ಮೆರವಣಿಗೆ ಹೊರಟು, ಹೋಟೆಲ್‌ಗಳ ಮುಂದೆ ಕೂತಿದ್ದ ಪ್ರವಾಸಿಗರ ಮೇಲೆ ಆಟದ ಪಿಚಕಾರಿಯಿಂದ ನೀರು ಹಾರಿಸಿದರು. ವಿಡಿಯೋ ಎಲ್ಲ ಕಡೆ ಹರಿದಾಡಿತು. ನಮ್ಮವರು ಬಹಳ ಜನ "ಎಂಥಾ ಸೊಕ್ಕು, ಊಟ ಹಾಕುವವರಿಗೇ ಹೀಗೆ ಮಾಡ್ತಾರಾ" ಅಂತ ಬರೆದರು. ನೀರು ಹಾಕಿದ್ದು ನನಗೂ ಸರಿ ಕಾಣಲಿಲ್ಲ. ರಜೆ ಉಳಿಸಿ, ದುಡ್ಡು ಕೂಡಿಸಿ ಬಂದವರ ಮೇಲೆ ಸಿಟ್ಟು ತೀರಿಸಿಕೊಂಡರೆ ಏನು ಬಂತು? ಆದರೆ ಅವರ ಸಿಟ್ಟಿಗೆ ಕಾರಣ ಇತ್ತು. ಆ ಊರಿನಲ್ಲಿ ಹತ್ತು ವರ್ಷಗಳಲ್ಲಿ ಮನೆ ಬಾಡಿಗೆ 68% ಏರಿದೆ ಅಂತ ಮೇಯರ್ ಜೌಮಾ ಕೊಲ್ಬೋನಿ ಅವರೇ ಹೇಳಿದ್ದಾರೆ. 2028ರ ನವೆಂಬರ್ ಹೊತ್ತಿಗೆ, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ 10,101 ಫ್ಲಾಟುಗಳ ಪರವಾನಗಿ ನವೀಕರಿಸುವುದಿಲ್ಲ ಅಂತಲೂ ಘೋಷಿಸಿದ್ದಾರೆ.

ಇದು ಹೇಗೆ ಆಗುತ್ತದೆ ಅನ್ನುವುದು ಬಹಳ ಸರಳ. ತಿಂಗಳಿಗೆ ಬಾಡಿಗೆ ಕೊಟ್ಟರೆ ಬರುವ ದುಡ್ಡು ದಿನಕ್ಕೆ ಕೊಟ್ಟರೆ ವಾರದಲ್ಲೇ ಬರುತ್ತದೆ ಅಂದಾಗ ಯಾವ ಮಾಲೀಕ ಸುಮ್ಮನಿರುತ್ತಾನೆ? ಬಾಡಿಗೆದಾರ ಹೋಗುತ್ತಾನೆ, ಟ್ರಾಲಿ ಬ್ಯಾಗು ಬರುತ್ತದೆ. ಕಟ್ಟಡದಲ್ಲಿ ಅಡುಗೆ ಮಾಡುವ ಮನೆಗಳು ಕಡಿಮೆಯಾದ ಹಾಗೆ ಕೆಳಗಿನ ತರಕಾರಿ ಅಂಗಡಿಗೆ ಗಿರಾಕಿ ಕಡಿಮೆ. ಅದೇ ಹೊತ್ತಿಗೆ ಟೀ ಶರ್ಟ್ ಮಾರುವವನು ಬಂದು ಎರಡರಷ್ಟು ಬಾಡಿಗೆ ಕೊಡ್ತೀನಿ ಅನ್ನುತ್ತಾನೆ. ತರಕಾರಿಯವನು ಹೋದ ಮೇಲೆ, ಉಳಿದ ನಾಲ್ಕು ಮನೆಯವರಿಗೂ ಬದುಕು ಕಷ್ಟ. ಅವರೂ ಹೊರಡುತ್ತಾರೆ. ಇಲ್ಲಿ ಯಾರೂ ಯಾರನ್ನೂ ಕತ್ತು ಹಿಡಿದು ನೂಕಿಲ್ಲ. ಆದರೂ ಬೀದಿ ಖಾಲಿ.

ಚಿಕ್ಕ ಬೀದಿಗಳ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಪ್ಯಾರಿಸ್‌ನಲ್ಲಿ ರ‍್ಯೂ ಕ್ರೆಮ್ಯೂ ಅಂತ ಒಂದು ಪುಟ್ಟ ಬೀದಿ. ಒಂದೊಂದು ಮನೆಗೂ ಒಂದೊಂದು ತಿಳಿಬಣ್ಣ. ಇನ್‌ಸ್ಟಾಗ್ರಾಮ್ ಬಂದದ್ದೇ ತಡ, ಜನರ ಮನೆ ಮೆಟ್ಟಿಲ ಮೇಲೆ ಫ್ಯಾಷನ್ ಶೂಟಿಂಗ್, ಕಿಟಕಿ ಕೆಳಗೆ ಡ್ಯಾನ್ಸ್. 2019ರಲ್ಲಿ ಅಲ್ಲಿನ ನಿವಾಸಿಗಳು ಸಂಜೆ ಮತ್ತು ವಾರಾಂತ್ಯ ಬೀದಿಗೆ ಗೇಟು ಹಾಕಿಸಿ ಅಂತ ನಗರಾಡಳಿತವನ್ನು ಕೇಳಿದರು. ಬಂದು ಕುಣಿಯುವವರನ್ನು ಗೇಲಿ ಮಾಡೋಕೆಂದೇ ಒಂದು ಇನ್‌ಸ್ಟಾಗ್ರಾಮ್ ಖಾತೆಯೂ ಹುಟ್ಟಿಕೊಂಡಿತು. ಅವರ ಜಾಣತನ ನನಗೆ ಬಹಳ ಇಷ್ಟವಾಯಿತು.

ಸಿಯೋಲ್‌ನ ಬುಕ್‌ಚೋನ್ ಹಳೆಯ ಹೆಂಚಿನ ಮನೆಗಳ ಬಡಾವಣೆ. ಸುಮಾರು 6,000 ಜನ ಈಗಲೂ ಅಲ್ಲಿ ವಾಸ ಇದ್ದಾರೆ. ಅಲ್ಲಿ ಗಲಾಟೆ ಜಾಸ್ತಿ ಇರುವ ಬೀದಿಗಳಿಗೆ ಸಂಜೆ 5ರಿಂದ ಬೆಳಿಗ್ಗೆ 10ರ ತನಕ ಪ್ರವಾಸಿಗರು ಬರುವ ಹಾಗಿಲ್ಲ. 2025ರ ಮಾರ್ಚ್‌ನಿಂದ ದಂಡ ಹಾಕುವುದೂ ಶುರುವಾಯಿತು, 1 ಲಕ್ಷ ವಾನ್. ಕ್ಯೋಟೋದ ಗಿಯೋನ್‌ನಲ್ಲಿ ಗೇಶಾ ಅನ್ನುವ ಸಾಂಪ್ರದಾಯಿಕ ಕಲಾವಿದೆಯರ ಹಿಂದೆ ಕ್ಯಾಮೆರಾ ಹಿಡಿದು ಓಡುವವರ ಕಾಟ ತಡೆಯಲಾರದೆ, 2024ರಲ್ಲಿ ಖಾಸಗಿ ಓಣಿಗಳಿಗೆ ಹೊರಗಿನವರು ಬರಬಾರದು ಅಂತ ಬೋರ್ಡು ಹಾಕಿದರು. ದಂಡ 10,000 ಯೆನ್. ನಮ್ಮ ಮನೆ ಮುಂದೆ ದಿನಾ ಬಸ್ಸುಗಟ್ಟಲೆ ಜನ ಇಳಿದು ಗೇಟಿನೊಳಗೆ ಇಣುಕಿದರೆ ನಾವು ಬೋರ್ಡು ಹಾಕುವ ತನಕ ಕಾಯುತ್ತಿದ್ದೆವಾ?

ಸ್ಯಾನ್ ಫ್ರಾನ್ಸಿಸ್ಕೋದ ಲೊಂಬಾರ್ಡ್ ಸ್ಟ್ರೀಟ್ ಕಥೆ ಬೇರೆ ಥರ. ಗುಡ್ಡದ ಇಳಿಜಾರು ಕಾರುಗಳಿಗೆ ತೀರಾ ಕಡಿದಾಗಿದೆ ಅಂತ 1922ರ ಹೊತ್ತಿಗೆ ಆ ಒಂದು ತುಂಡು ರಸ್ತೆಯನ್ನು ಎಂಟು ತಿರುವು ಮಾಡಿ ಹೊಸದಾಗಿ ಮಾಡಿದರು. ಮನೆ ಸೇರೋಕೆ ಅನುಕೂಲವಾಗಲಿ ಅಂತ ಮಾಡಿದ ತಿರುವು ನೋಡೋಕೆ ಈಗ ವರ್ಷಕ್ಕೆ ಸುಮಾರು 20 ಲಕ್ಷ ಜನ ಬರುತ್ತಾರೆ. ಕಾರುಗಳ ಸಾಲು ತಡೆಯಲಾಗದೆ, ಇಳಿಯುವ ಕಾರಿಗೆ ಶುಲ್ಕ ಹಾಕೋಣ ಅಂತ ಮಸೂದೆಯೂ ಬಂತು. 2019ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಲಿಲ್ಲ. ನನಗೆ ಅವರ ತೀರ್ಮಾನ ಸರಿ ಅನ್ನಿಸುತ್ತದೆ. ರಾತ್ರಿ ಹೊತ್ತು ಬರಬೇಡಿ ಅನ್ನುವುದು ಬೇರೆ, ಟಿಕೆಟ್ ತಗೊಂಡು ಬನ್ನಿ ಅನ್ನುವುದು ಬೇರೆ. ಟಿಕೆಟ್ ಹರಿದ ದಿನವೇ ಅದು ಬೀದಿಯಾಗಿ ಉಳಿಯುವುದಿಲ್ಲ. ಅಲ್ಲಿ ಇರುವವರೂ ನೋಡುವ ವಸ್ತುವಾಗಿಬಿಡುತ್ತಾರೆ.

ಎಲ್ಲ ಊರಿನವರಿಗೂ ಹೆಸರು ಬೇಡವಾಗಿದೆ ಅಂತಲೂ ಇಲ್ಲ ಮತ್ತೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಬಾಲ್ಡ್‌ವಿನ್ ಸ್ಟ್ರೀಟ್ ಜಗತ್ತಿನ ಅತಿ ಕಡಿದಾದ ಬೀದಿ ಅಂತ ಗಿನ್ನೆಸ್ ಪಟ್ಟಿಯಲ್ಲಿತ್ತು. 2019ರಲ್ಲಿ ಆ ಪಟ್ಟ ವೇಲ್ಸ್‌ನ ಹಾರ್ಲೆಕ್ ಊರಿನ ಒಂದು ಬೀದಿಗೆ ಹೋಯಿತು. ಡ್ಯುನೆಡಿನ್‌ನವರು ಬಿಡಲಿಲ್ಲ. ಅಂಕುಡೊಂಕು ರಸ್ತೆಯ ಏರನ್ನು ಅಳೆಯುವುದಾದರೆ ಅಂಚಿನಲ್ಲಿ ಅಲ್ಲ, ನಡುಗೆರೆಯಲ್ಲಿ ಅಳೆಯಬೇಕು ಅಂತ ಲೆಕ್ಕ ಮುಂದಿಟ್ಟು ಮುಂದಿನ ವರ್ಷವೇ ಪಟ್ಟ ವಾಪಸು ಪಡೆದರು. ಪಾಪ, ಹಾರ್ಲೆಕ್‌ನವರು ಇನ್ನೂ ಸಂಭ್ರಮದಲ್ಲೇ ಇದ್ದರೋ ಏನೋ.

ಇನ್ನು ಶಾಂಜ್ ಎಲೀಜೆ. 1.9 ಕಿಲೋಮೀಟರ್ ಉದ್ದ, 70 ಮೀಟರ್ ಅಗಲ. 17ನೇ ಶತಮಾನದಲ್ಲಿ ರಾಜನ ತೋಟಗಾರ ಆಂದ್ರೆ ಲೆ ನೋತ್ರ್ ನೆಡಿಸಿದ ಮರದ ಸಾಲಿನಿಂದ ಶುರುವಾದದ್ದು. ಜುಲೈ 14ರ ಸೇನಾ ಪಥಸಂಚಲನ ಅಲ್ಲೇ, ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಸಾಮಾನ್ಯವಾಗಿ ಮುಗಿಯುವುದೂ ಅಲ್ಲೇ. ಆದರೆ ಸುಮ್ನೆ ಸಂಜೆ ಅಲ್ಲಿಗೆ ಹೋಗುವ ಪ್ಯಾರಿಸ್‌ನವರು ಕಡಿಮೆ. ದುಬಾರಿ ಬ್ರಾಂಡುಗಳ ಮಧ್ಯೆ ಹಳೆಯ ಸಿನಿಮಾ ಮಂದಿರಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಗೆ 2024ರ ಮೇ ತಿಂಗಳಲ್ಲಿ ರಸ್ತೆ ಮೇಲೆ ಉದ್ದಕ್ಕೆ ಚೌಕಳಿ ಬಟ್ಟೆ ಹಾಸಿ, ಸುಮಾರು 4,000 ಜನರಿಗೆ ಪುಕ್ಕಟೆ ಊಟ ಹಾಕಿದರು, ಊರಿನವರು ಮತ್ತೆ ಬರಲಿ ಅಂತ. ಸ್ವಂತ ಊರಿನವರನ್ನು ಸ್ವಂತ ಬೀದಿಗೆ ಊಟಕ್ಕೆ ಕರೆದು ತರಬೇಕಾದ ಸ್ಥಿತಿ ನೋಡಿ!

ಪಾಸಾಗುವ ಬೀದಿಗಳೂ ಇವೆ. ಲಂಡನ್ನಿನ ಪೋರ್ಟೊಬೆಲ್ಲೊ ರೋಡಿಗೆ ಶನಿವಾರ ಹಳೆ ಸಾಮಾನು ನೋಡುವವರ ಜಾತ್ರೆ. ಆದರೆ ವಾರದ ದಿನಗಳಲ್ಲಿ ಹೋದರೆ ತಳ್ಳುಗಾಡಿಯಂಥ ಮಳಿಗೆಗಳಲ್ಲಿ ಹಣ್ಣು, ತರಕಾರಿ ಈಗಲೂ ಸಿಗುತ್ತದೆ. ದೆಹಲಿಯ ಚಾಂದನಿ ಚೌಕ್ ಅಂತೂ ಡಿಸ್ಟಿಂಕ್ಷನ್. 1650ರಲ್ಲಿ ಷಹಜಹಾನನ ಮಗಳು ಜಹನಾರಾ ಮಾಡಿಸಿದ ಪೇಟೆ ಅದು, ಆಗ ನಡುವೆ ಕಾಲುವೆ ಹರಿಯುತ್ತಿತ್ತು. 2021ರಲ್ಲಿ ಹೊಸ ಕಲ್ಲು ಹಾಸಿ, ಹಗಲು ಹೊತ್ತು ಮೋಟಾರು ವಾಹನಗಳಿಗೆ ನಿಷೇಧ ಹಾಕಿದರು. ಪಶ್ಚಿಮದ ತುದಿ ದಾಟಿದರೆ ಖಾರಿ ಬಾವಲಿ ಅನ್ನುವ ಮಸಾಲೆ ಪೇಟೆ. ಮೆಣಸಿನಕಾಯಿ ಮೂಟೆಗಳ ಘಾಟಿಗೆ ಸೀನುತ್ತಾ ನಡೆಯಬೇಕು. ಕೂಲಿಯವರು "ಪಕ್ಕಕ್ಕೆ ಸರಿ, ಪಕ್ಕಕ್ಕೆ ಸರಿ" ಅಂತ ಕೂಗುತ್ತಾ ಬರುತ್ತಾರೆ, ನೀವು ದೊಡ್ಡ ಪ್ರವಾಸಿ ಅಂತ ಅವರಿಗೇನೂ ಗೌರವ ಇಲ್ಲ. ಜಾಗ ಬಿಡಬೇಕು, ಅಷ್ಟೇ.

ನಮ್ಮ ಹಂಪಿಯನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಪೇಟೆಗಳ ಬಗ್ಗೆ ಬರೆದದ್ದು ನಿಮಗೆ ಗೊತ್ತು. ಮುತ್ತು, ರತ್ನ ಮಾರುತ್ತಿದ್ದರು ಅನ್ನುವ ಸಾಲು ನಮಗೆ ಶಾಲೆಯಿಂದಲೂ ಬಾಯಿಪಾಠ. ಆದರೆ ಅವನು ಅಕ್ಕಿ, ಗೋಧಿ, ಕಾಳು, ನಿಂಬೆ, ದ್ರಾಕ್ಷಿ, ಕಟ್ಟಿಗೆಯ ಬಗ್ಗೆಯೂ ಬರೆದಿದ್ದಾನೆ. ಆ ಭಾಗ ಯಾರೂ ಹೇಳುವುದಿಲ್ಲ. ನನಗೆ ಬೇಕಾದದ್ದು ಅದೇ.

ವಿರೂಪಾಕ್ಷ ದೇವಸ್ಥಾನದ ಗೋಪುರದಿಂದ ಎದುರು ಬಸವಣ್ಣನ ತನಕದ ಬಜಾರು ಬೀದಿಯಲ್ಲಿ 2011ರ ತನಕ ಜನ ಇದ್ದರು. ಸಾಲುಮಂಟಪದ ಒಳಗೆ ಮನೆ, ಹೋಟೆಲ್, ಬಾಳೆಹಣ್ಣಿನ ಅಂಗಡಿ. ಆ ವರ್ಷ ಜುಲೈ ಕೊನೆಯಲ್ಲಿ ಬುಲ್ಡೋಜರ್ ಬಂತು. ನೂರಾರು ಕುಟುಂಬಗಳು ಎದ್ದವು. ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಕಂಬಗಳ ಮಧ್ಯೆ ಸಿಮೆಂಟ್ ಗೋಡೆ, ಮೇಲೆ ಮಹಡಿ ಎಬ್ಬಿಸಿದ್ದು ತಪ್ಪೇ. ಅದನ್ನು ತೆಗೆಯಲೇಬೇಕಿತ್ತು. ಆದರೆ ಸಿಮೆಂಟ್ ತೆಗೆಯುವುದಕ್ಕೂ ಜನರನ್ನೇ ತೆಗೆಯುವುದಕ್ಕೂ ವ್ಯತ್ಯಾಸ ಇಲ್ವಾ? ಪೇಟೆ ಮಾಡೋಕೆಂದೇ ಕಟ್ಟಿದ ಬೀದಿ ಅದು. ಅಲ್ಲಿ ಹೂವು, ಕಾಯಿ, ದವಸ ಮಾರುವವರಿಗೆ ಕಟ್ಟುನಿಟ್ಟಿನ ಷರತ್ತು ಹಾಕಿ ಕೂರಿಸಬಹುದಿತ್ತು. ಈಗ ಹೋದರೆ ಮಂಟಪ ಚೊಕ್ಕಟವಾಗಿದೆ, ಫೋಟೋ ಚೆನ್ನಾಗಿ ಬರುತ್ತದೆ. ಐನೂರು ವರ್ಷದ ಹಿಂದಿನ ಹಂಪಿ ಹೀಗೆ ನಿಶ್ಶಬ್ದವಾಗಿತ್ತು ಅಂತ ಮಕ್ಕಳು ತಿಳಿದುಕೊಂಡರೆ ಅದು ಅವರ ತಪ್ಪಲ್ಲ.

"ಪ್ರವಾಸಿಗರು ಬರದಿದ್ದರೆ ಊರಿಗೆ ದುಡ್ಡು ಎಲ್ಲಿಂದ ಬರುತ್ತೆ" ಅಂತ ಕೇಳುವವರಿದ್ದೀರಿ. ಬರಲಿ. ಯಾರು ಬೇಡ ಅಂದರು? ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿಯ ದಿನ ಕಾಲಿಡೋಕೆ ಜಾಗ ಇರುವುದಿಲ್ಲ. ಮರುದಿನ ಅದೇ ರಸ್ತೆಯಲ್ಲಿ ಮೈಸೂರಿನವರು ಪಾತ್ರೆ, ಪಂಚೆ, ಪುಸ್ತಕ ಕೊಳ್ಳುತ್ತಿರುತ್ತಾರೆ. ಪಕ್ಕದಲ್ಲೇ ದೇವರಾಜ ಮಾರುಕಟ್ಟೆ. ಅಲ್ಲಿ ಕುಂಕುಮದ ಗುಡ್ಡೆಗಳ ಫೋಟೋ ತೆಗೆಯುವ ವಿದೇಶಿಯರೂ ಇರುತ್ತಾರೆ, ಮೂರು ಮೊಳ ಮಲ್ಲಿಗೆಗೆ ಚೌಕಾಸಿ ಮಾಡುವ ಅಗ್ರಹಾರದ ಅಮ್ಮನೂ ಇರುತ್ತಾರೆ. ಇಬ್ಬರಿಗೂ ಜಾಗ ಇದೆ. ಆ ಅಮ್ಮನಂಥವರು ದಿನಾ ಬರುವುದರಿಂದಲೇ ಆ ಮಾರುಕಟ್ಟೆ ನಡೆಯುತ್ತಿದೆ.

2016ರಲ್ಲಿ ಆ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಆವತ್ತಿನಿಂದ ಕೆಡವಿ ಕಟ್ಟಬೇಕಾ, ರಿಪೇರಿ ಮಾಡಬೇಕಾ ಅನ್ನುವ ಜಗಳ ಮುಗಿದಿಲ್ಲ. ನನ್ನ ಒಲವು ರಿಪೇರಿ ಕಡೆಗೆ. ಆದರೆ ಗಾರೆ, ಕಮಾನುಗಳ ವಾದವನ್ನು ಬಲ್ಲವರು ಮಾಡಲಿ. ವೀಳ್ಯದೆಲೆ ಕಟ್ಟು ಇಟ್ಟುಕೊಂಡು ಕೂರುವವರಿಗೆ, ರಸಬಾಳೆಯವರಿಗೆ, ಸೊಪ್ಪಿನವರಿಗೆ ಮುಂದೆ ಅಲ್ಲಿ ಎಷ್ಟು ಅಡಿ ಜಾಗ, ತಿಂಗಳಿಗೆ ಎಷ್ಟು ಬಾಡಿಗೆ ಅನ್ನುವುದು ಯಾವ ಚರ್ಚೆಯಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಮೈಸೂರಿನ ಗೆಳೆಯರು ಯಾರಾದರೂ ಇಂಥ ಸಭೆಗಳಿಗೆ ಹೋಗುವವರಿದ್ದರೆ ದಯವಿಟ್ಟು ಮೊದಲು ಇದನ್ನೇ ಕೇಳಿ. ಉತ್ತರ ಸಿಕ್ಕರೆ ಇಲ್ಲೇ ಕೆಳಗೆ ಬರೆಯಿರಿ.