ಚೆಕ್ ರದ್ದಾಗಿಲ್ಲ, ಗಾಬರಿ ಬೇಡ

‘ಸರ್ಕಾರ ಚೆಕ್ ನಿಲ್ಲಿಸುತ್ತಿದೆ, ಇನ್ನು ಎಲ್ಲಾ ಆನ್‌ಲೈನ್ ಮಾತ್ರ’ ಎಂಬ ವಾಟ್ಸಾಪ್ ಸಂದೇಶ ಸುತ್ತುತ್ತಿದೆ. ಇದು ಸುಳ್ಳು. 2017ರ ನವೆಂಬರ್‌ನಲ್ಲೂ ಇಂಥದೇ ಸುದ್ದಿ ಹಬ್ಬಿತ್ತು. ಅಂಥ ಪ್ರಸ್ತಾವವೇ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ ಆಗಲೇ ಹೇಳಿತ್ತು.

ಬದಲಾಗಿರುವುದು ಚೆಕ್ ಪಾಸಾಗುವ ರೀತಿ. ಈಗ ಕಾಗದ ಬ್ಯಾಂಕಿನಿಂದ ಬ್ಯಾಂಕಿಗೆ ಓಡಾಡುವುದಿಲ್ಲ, ಅದರ ಸ್ಕ್ಯಾನ್ ಚಿತ್ರ ಮಾತ್ರ ಹೋಗುತ್ತದೆ. 2025ರ ಅಕ್ಟೋಬರ್ 4ರಿಂದ ಈ ಚಿತ್ರಗಳನ್ನು ಕಂತೆ ಕಟ್ಟಿಡದೆ, ಬಂದ ಹಾಗೇ ಕಳಿಸುತ್ತಾರೆ. ಪಾಸೋ ವಾಪಸೋ ಎಂಬುದು ಅದೇ ದಿನ ಸಂಜೆಯೊಳಗೆ ತೀರ್ಮಾನವಾಗಬೇಕು. ಆದ್ದರಿಂದ ಚೆಕ್ ಕೊಡುವಾಗಲೇ ಖಾತೆಯಲ್ಲಿ ದುಡ್ಡಿರಲಿ. ‘ನಾಳೆ ಹಾಕಿದರಾಯ್ತು’ ಅನ್ನುವ ಹಳೇ ಲೆಕ್ಕ ಈಗ ನಡೆಯಲ್ಲ. ಬೌನ್ಸ್ ಆದರೆ ಕೇಸಿನವರೆಗೂ ಹೋಗುತ್ತದೆ, ಅಲ್ವಾ?

50,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಮೊತ್ತಕ್ಕೆ ‘ಪಾಸಿಟಿವ್ ಪೇ’ ಇದೆ. ಚೆಕ್ ನಂಬರ್, ತಾರೀಖು, ಯಾರಿಗೆ, ಎಷ್ಟು ಎಂಬುದನ್ನು ಮೊದಲೇ ಬ್ಯಾಂಕಿಗೆ ತಿಳಿಸುವ ವ್ಯವಸ್ಥೆ ಇದು. 5 ಲಕ್ಷ ಮತ್ತು ಮೇಲ್ಪಟ್ಟ ಚೆಕ್‌ಗೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು.

ನಮ್ಮ ಕಡೆ ಈ ಸುಳ್ಳನ್ನು ಜನ ಬೇಗ ನಂಬಲು ಇನ್ನೊಂದು ಕಾರಣವೂ ಇದೆ ಅನಿಸುತ್ತದೆ. 2019 ಮತ್ತು 2020ರಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆಮೇಲೆ ಅವುಗಳ ಹಳೇ ಚೆಕ್‌ಗಳು ನಡೆಯದಾದವು. ಅಲ್ಲಿ ನಿಂತಿದ್ದು ಹಳೇ ಪುಸ್ತಕ ಮಾತ್ರ, ಚೆಕ್ ಸೌಲಭ್ಯ ಅಲ್ಲ. ಮನೆಯ ಹಿರಿಯರ ಬೀರುವಿನಲ್ಲಿ ಅಂಥದ್ದಿದ್ದರೆ, ಈಗಿನ ಬ್ಯಾಂಕಿನಲ್ಲಿ ಹೊಸ ಪುಸ್ತಕ ಕೇಳಿ ತೆಗೆದುಕೊಡಿ.